ಹಾಸಿಗೆಯ ಮಗ್ಗುಲಿಗೆ ಬರಲಿರುವ ಕಾಯಿದೆ

ತೊಗರಿಯ ರಾಶಿ ಮುಗಿದು ಕಣಗಳು ಬರಿದಾದ ಮೇಲೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಮೈಯಲ್ಲಿ ಕಸುವುಳ್ಳವರು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳ ದಾರಿ ಹಿಡಿಯುವುದು ಬಹುಕಾಲದಿಂದ ನಡೆದುಬಂದ ಸಂಗತಿಯೇ ಆದರೂ, ಹಾಗೆ ಹೋದವರಲ್ಲಿ ಅನೇಕರು ಮುಂಗಾರಿಗೆ ಹಿಂದಿರುಗದೆ ಅಲ್ಲಿಯೇ ನೆಲೆನಿಲ್ಲುವುದರಿಂದ, ಊರಿನ ಮನೆಯಲ್ಲಿ ಉಳಿಯುವವರು ಮುತ್ಯಾ ಮತ್ತು ಆಯಿ ಮಾತ್ರವೆಂಬ ಸ್ಥಿತಿ ಈಚೆಗೆ ಅಪರೂಪವಾಗಿ ಉಳಿದಿಲ್ಲ. ಅವರಿಬ್ಬರಲ್ಲಿ ಒಬ್ಬರಿಗೆ ಲಕ್ವಾ ಹೊಡೆದರೆ, ಇಲ್ಲವೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದರೆ, ಆಗ ಮನೆಯೊಳಕ್ಕೆ ಮೂರನೆಯವರೊಬ್ಬರ ಪ್ರವೇಶವಾಗುತ್ತದೆ. ಓಣಿಯಲ್ಲೇ ಇರುವ, ಒಪ್ಪೊತ್ತಿನ ಗಂಜಿಗೂ ದುಡಿದೇ ತಿನ್ನಬೇಕಾದ ಹೆಂಗಸೊಬ್ಬಳು ತಿಂಗಳಿಗಿಷ್ಟೆಂದು ಗೊತ್ತುಮಾಡಿಕೊಂಡು ಬರಬಹುದು. ದೂರದ ಮಗನು ಫೋನಿನಲ್ಲಿಯೇ ಮಾತಾಡಿ ನಗರದ ಏಜೆನ್ಸಿಯೊಂದರಿಂದ ‘ಹೋಮ್ ನರ್ಸ್’ ಎಂಬ ಹೆಸರಿನ ಹುಡುಗಿಯನ್ನು ಕಳುಹಿಸಿಕೊಡಬಹುದು. ಈ ಮೂರನೆಯ ವ್ಯಕ್ತಿಯನ್ನು ನಮ್ಮ ಕಾನೂನು ಇದುವರೆಗೆ ನೆಟ್ಟಗೆ ಕಂಡೇ ಇಲ್ಲ; ಇನ್ನು ಮುಂದೆ ಕಾಣದೆ ಇರಲಾರದೆಂಬುದಕ್ಕೆ ಮಾತ್ರ ಸೂಚನೆಗಳು ಸ್ಪಷ್ಟವಾಗಿವೆ.

ಈಗ ಜಾರಿಯಲ್ಲಿರುವ ಮುಖ್ಯ ಶಾಸನವು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣವನ್ನು ಕುರಿತ 2007ರ ಕೇಂದ್ರ ಅಧಿನಿಯಮ. ಅರುವತ್ತು ವರ್ಷ ತುಂಬಿದ ನಾಗರಿಕರನ್ನೆಲ್ಲ ಹಿರಿಯ ನಾಗರಿಕರೆಂದು ಗಣಿಸುವ ಈ ಶಾಸನವು, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದವರಿಗೆ ಮಕ್ಕಳಿಂದ, ಮಕ್ಕಳಿಲ್ಲದ ಪಕ್ಷದಲ್ಲಿ ಅವರ ಆಸ್ತಿಗೆ ಬಾಧ್ಯರಾಗುವ ಬಂಧುಗಳಿಂದ, ತಿಂಗಳಿಗೆ 10,000 ರೂಪಾಯಿಗೆ ಮೀರದಂತೆ ಜೀವನಾಂಶವನ್ನು ಕೊಡಿಸುವ ಅಧಿಕಾರವನ್ನು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ವಹಿಸಿದೆ. ಹಿರಿಯರನ್ನು ಎಲ್ಲಿಯಾದರೂ ತೊರೆದುಹೋದವರಿಗೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿತ್ತಿದೆ. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯಾಗುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದೂ ಹೇಳಿದೆ. ನಮ್ಮ ಮೂರು ತಾಲ್ಲೂಕುಗಳೂ ಕಲಬುರಗಿ ಉಪವಿಭಾಗಕ್ಕೆ ಸೇರಿರುವುದರಿಂದ ಅರ್ಜಿಯ ವಿಚಾರಣೆ ನಡೆಯತಕ್ಕದ್ದು ಅಲ್ಲಿಯ ಸಹಾಯಕ ಆಯುಕ್ತರ ಮುಂದೆ. ಆಳಂದದವರಿಗೂ ಜೇವರ್ಗಿಯವರಿಗೂ ಅದು ಸುಮಾರು 40 ಕಿಲೋಮೀಟರಿನ ಹಾದಿ, ಅಫಜಲಪುರದವರಿಗೆ ಇನ್ನೂ ದೂರ. ಹಾಸಿಗೆ ಹಿಡಿದವರು ಬಸ್ಸು ಹತ್ತಿ ಅಷ್ಟು ದೂರ ಹೋಗಿ ನ್ಯಾಯ ಕೇಳಬೇಕಾದ ವಿಚಿತ್ರವನ್ನು ಸದ್ಯಕ್ಕೆ ಬದಿಗಿಟ್ಟು ನೋಡಿದರೂ, ಈ ಶಾಸನದ ದೃಷ್ಟಿಯೆಲ್ಲ ಮಕ್ಕಳ ಮೇಲೆ ಮತ್ತು ಆಶ್ರಮಗಳ ಮೇಲೆ ನಿಂತಿದೆಯೇ ಹೊರತು, ಕೂಲಿಗೆ ಬಂದು ಮೈ ತೊಳೆದು ಉಣಿಸಿ ಮಲಗಿಸುವವರ ಬಗೆಗೆ ಅದರಲ್ಲಿ ಒಂದು ಮಾತೂ ಇಲ್ಲವೆಂಬುದನ್ನು ಗಮನಿಸಬೇಕು.

ಈ ಕೊರತೆಯನ್ನೂ ತುಂಬುವಂತೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆಯೊಂದು ಮಂಡಿತವಾಯಿತು. ಸೊಸೆ ಅಳಿಯಂದಿರನ್ನೂ ಹೊಣೆಗಾರರ ಪಂಕ್ತಿಗೆ ಸೇರಿಸಿದ, ಜೀವನಾಂಶದ ಮಿತಿಯನ್ನು ತೆಗೆದುಹಾಕಿದ ಆ ಮಸೂದೆಯ ಬಗ್ಗೆ ಪತ್ರಿಕೆಗಳು ಆಗ ಬಹಳ ಬರೆದವು. ಆದರೆ ಅದರ ನಡುವೆ ಅಡಗಿದ್ದ ಇನ್ನೊಂದು ವಿಧಿಯತ್ತ ಹೆಚ್ಚಿನವರು ಕಣ್ಣು ಹಾಯಿಸಲಿಲ್ಲ. ದೈಹಿಕ ಅಥವಾ ಮಾನಸಿಕ ಅಶಕ್ತಿಯಿಂದ ನಿತ್ಯಕರ್ಮಗಳನ್ನು ತಾವಾಗಿ ಮಾಡಿಕೊಳ್ಳಲಾರದ ವೃದ್ಧರಿಗೆ ಮನೆಯಲ್ಲಿಯೇ ಸೇವೆ ಒದಗಿಸುವ ಸಂಸ್ಥೆಗಳು ರಾಜ್ಯ ಸರ್ಕಾರವು ಗೊತ್ತುಪಡಿಸಿದ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಅವು ಕಳುಹಿಸುವ ಪರಿಚಾರಕರ ತರಬೇತಿ ಮತ್ತು ಪ್ರಮಾಣಪತ್ರಗಳಿಗೆ ಕನಿಷ್ಠ ಮಾನದಂಡವಿರಬೇಕು ಎಂಬುದು ಆ ವಿಧಿಯ ಸಾರ. ಮಸೂದೆಯು ಸ್ಥಾಯಿ ಸಮಿತಿಗೆ ಹೋಗಿ, 2021ರಲ್ಲಿ ಸಮಿತಿಯ ವರದಿ ಬಂದು, ಮುಂದಕ್ಕೆ ಸಾಗದೆ, 2024ರಲ್ಲಿ ಹದಿನೇಳನೆಯ ಲೋಕಸಭೆಯ ಅವಧಿಯೊಂದಿಗೆ ತಾನೂ ಅಸ್ತಂಗತವಾಯಿತು. ಸತ್ತ ಮಸೂದೆಯನ್ನು ಕುರಿತು ಚಿಂತೆಯೇತಕ್ಕೆಂದು ಕೇಳುವವರಿದ್ದಾರು. ಒಮ್ಮೆ ಬರೆಹಕ್ಕಿಳಿದ ವಿಧಿಯು ಹೆಸರು ಬದಲಿಸಿಕೊಂಡಾದರೂ ಮರಳಿ ಬರುವುದೇ ನಮ್ಮ ಶಾಸನರಚನೆಯ ರೂಢಿಯೆಂದು ನಾನು ಬಲ್ಲೆ.

ದೂರದೇಶದ ಉದಾಹರಣೆಯೂ ಇದೇ ದಿಕ್ಕನ್ನು ತೋರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ವೃದ್ಧಶುಶ್ರೂಷೆಯ ದೋಷಗಳನ್ನು ಪರಿಶೀಲಿಸಲು 2018ರಲ್ಲಿ ನೇಮಕವಾದ ರಾಯಲ್ ಆಯೋಗವು 2021ರಲ್ಲಿ 148 ಶಿಫಾರಸುಗಳ ಅಂತಿಮ ವರದಿಯನ್ನು ಕೊಟ್ಟಿತು; ಅದರ ಫಲವಾಗಿ ಅಲ್ಲಿಯ ಪಾರ್ಲಿಮೆಂಟು 2024ರಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಅದು 2025ರ ಜುಲೈ 1ರಂದು ಜಾರಿಗೆ ಬರಬೇಕಾಗಿದ್ದು, ಸೇವಾಸಂಸ್ಥೆಗಳಿಗೆ ಸಿದ್ಧತೆಯ ಅವಕಾಶ ಬೇಕೆಂಬ ಕಾರಣದಿಂದ ನವೆಂಬರ್ 1ಕ್ಕೆ ಮುಂದೂಡಲ್ಪಟ್ಟಿತು. ಮನೆಗೆ ಹೋಗಿ ಸೇವೆ ಮಾಡುವವರ ನೋಂದಣಿ, ಪೂರ್ವಾಪರ ಪರಿಶೀಲನೆ, ವೃದ್ಧರ ಹಕ್ಕುಗಳ ಘೋಷಣೆ ಎಲ್ಲವೂ ಅದರಲ್ಲಿವೆ. ಧನವೂ ದಾಖಲೆಯೂ ಸಮೃದ್ಧವಾಗಿರುವ ಆ ದೇಶದಲ್ಲಿಯೇ ಸಿದ್ಧತೆಗೆ ಕಾಲಾವಕಾಶ ಸಾಲದೆಹೋಯಿತೆಂದರೆ, ಎರಡು ಕೊಠಡಿಯ ಕಚೇರಿಯಲ್ಲಿ ಒಂದು ಮೊಬೈಲು, ಒಂದು ಡೈರಿ ಇಟ್ಟುಕೊಂಡು ನಡೆಯುವ ನಮ್ಮ ಏಜೆನ್ಸಿಗಳು ಕಾಯಿದೆ ಬಂದ ಮೇಲೆ ನೋಡೋಣವೆಂದು ಕುಳಿತರೆ ಏನಾದೀತೆಂಬುದನ್ನು ವಿಸ್ತರಿಸಬೇಕಾಗಿಲ್ಲ.

ವಾಸ್ತವವಾಗಿ, ಕಾಯಿದೆಗಳು ಬೇರೆ ಬಾಗಿಲುಗಳಿಂದ ಆಗಲೇ ಒಳಬಂದಿವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಪತ್ರಕ್ಕೂ ಸಕಾಲದ ವೇತನಕ್ಕೂ ಒತ್ತುಕೊಡುತ್ತವೆ. ಏಜೆನ್ಸಿಯು ಮಗನಿಂದ ಪಡೆಯುವ ಹಣವೆಷ್ಟು, ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರಿರುವ ಹುಡುಗಿಗೆ ತಲುಪುವುದೆಷ್ಟು ಎಂಬ ಪ್ರಶ್ನೆ ಇನ್ನು ಬಾಯಿಮಾತಿನಲ್ಲಿ ಮುಗಿಯತಕ್ಕದ್ದಲ್ಲ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಬಂದ ಅಧಿನಿಯಮಕ್ಕೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿದ್ದು, ಅದರ ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ತರುವಾಯ ಅನ್ವಯವಾಗುತ್ತವೆ. ಬೆನ್ನಿನ ಹುಣ್ಣಿನ ಫೋಟೋ ತೆಗೆದು ವಾಟ್ಸ್ಆಪ್ ಗುಂಪಿಗೆ ಹಾಕಿ ‘ಇದಕ್ಕ ಯಾವ ಮುಲಾಮ ಹಚ್ಚಬೇಕ್ರಿ’ ಎಂದು ಕೇಳುವುದು ಈಗ ಸರ್ವಸಾಮಾನ್ಯ. ಕೇಳುವವಳಲ್ಲಿ ಕೆಡುಕಿಲ್ಲ, ಆದರೆ ಆ ದೇಹದ ಒಡೆಯನನ್ನು ಒಂದು ಮಾತು ಕೇಳಿದವರೂ ಇಲ್ಲ. ಸಮ್ಮತಿಯ ಕೋರಿಕೆಯನ್ನು ಕನ್ನಡದಲ್ಲಿಯೇ ಓದುವ ಅವಕಾಶವನ್ನು ಆ ಅಧಿನಿಯಮವು ಕೊಟ್ಟಿರುವುದರಿಂದ, ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿಯನ್ನು ಏಜೆನ್ಸಿಗಳು ಈಗಲೇ ಕೈಬಿಡುವುದು ಲೇಸು. ಬಳಸಿದ ಇನ್ಸುಲಿನ್ ಸೂಜಿಯ ಮಾತೂ ಇಂಥದೇ: ಆಸ್ಪತ್ರೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತೂತಾಗದ ಬಿಳಿಯ ಡಬ್ಬಿಯನ್ನು ವಿಧಿಸಿವೆ, ಮನೆಯಲ್ಲಾದರೆ ಸೂಜಿ ತಿಪ್ಪೆಗೆ ಬೀಳುತ್ತದೆ, ತಿಪ್ಪೆಯನ್ನು ಕೆದಕುವವರು ಬರಿಗಾಲಿನ ಮಕ್ಕಳು.

ಹಾಗಾದರೆ ಸಿದ್ಧತೆಯು ಎಲ್ಲಿಂದ ಆರಂಭವಾಗತಕ್ಕದ್ದು? ತಂತ್ರಾಂಶ, ಬೆರಳಚ್ಚು ಯಂತ್ರ, ಸಲಹೆಗಾರರು ಮೊದಲಾದ ಆಡಂಬರಗಳಿಗಿಂತ ಮುಂಚೆ, ಹಾಸಿಗೆಯ ತಲೆದೆಸೆಯಲ್ಲಿ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಇಪ್ಪತ್ತು ರೂಪಾಯಿಯ ಒಂದು ನೋಟುಬುಕ್ಕಿನಿಂದ ಎಂದು ನನ್ನ ಅಭಿಪ್ರಾಯ. ಲಕ್ವಾ ಹೊಡೆದು ಮಲಗಿದವರಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಮೂಳೆಯ ಮೇಲಿನ ಚರ್ಮ ಮೊದಲು ಕೆಂಪಾಗಿ, ಬಳಿಕ ಕಪ್ಪಾಗಿ, ಒಡೆದು ಹುಣ್ಣಾಗುವುದು. ಒಮ್ಮೆ ಹುಣ್ಣಾಯಿತೆಂದರೆ ಮಾಯುವುದಕ್ಕೆ ತಿಂಗಳುಗಳು ಬೇಕು. ಹಗಲಿನವಳು ಹೋಗಿ ರಾತ್ರಿಯವಳು ಬರುವ ಹೊತ್ತಿನಲ್ಲಿ ನಡೆಯುವ ಸಂಭಾಷಣೆ ಇಷ್ಟೇ: ‘ಮುತ್ಯಾ, ಮುಂಜಾನಿ ಗುಳಿಗಿ ತೊಗೊಂಡಿ ಏನು?’ ‘ತೊಗೊಂಡೆನೋ ಇಲ್ಲೋ, ನೆಪ್ಪಿಲ್ಲವಾ.’ ರಕ್ತದೊತ್ತಡದ ಗುಳಿಗೆಯನ್ನು ಎರಡು ಸಲ ನುಂಗಿಸುವುದೋ, ಒಂದು ಸಲವೂ ಇಲ್ಲದೆ ಬಿಡುವುದೋ ಎಂಬುದು ಆಗ ದೈವಾಧೀನ. ನುಂಗಿಸಿದ ಗುಳಿಗೆಯ ಹೊತ್ತು, ಬಲಮಗ್ಗುಲೋ ಎಡಮಗ್ಗುಲೋ, ಮೂತ್ರದ ಚೀಲದಲ್ಲಿ ಎಷ್ಟು ತುಂಬಿತ್ತು, ನೆನೆಸಿದ ರೊಟ್ಟಿ ಗಂಟಲಲ್ಲಿ ಇಳಿಯಿತೋ ಕೆಮ್ಮು ಬಂತೋ, ಇಷ್ಟನ್ನು ಬರೆಯುವವಳಿಗೆ ಪದವಿ ಬೇಕಿಲ್ಲ; ಅಕ್ಷರ ಬಾರದವಳಿದ್ದರೆ ಗೀರು ಎಳೆಯುವ ಚೌಕಗಳು ಸಾಕು. ಮುಂದೆಂದೋ ಬರುವ ತಪಾಸಣಾಧಿಕಾರಿಗೆ ಬೇಕಾಗುವ ದಾಖಲೆಯೂ ಅದೇ, ಈ ರಾತ್ರಿ ಬರುವ ಪರಿಚಾರಿಕೆಗೆ ಬೇಕಾಗಿರುವುದೂ ಅದೇ. ದಾಖಲೆಯೆಂದರೆ ಸರ್ಕಾರದ ಕಾಟವೆಂದು ಭಾವಿಸುವ ಏಜೆನ್ಸಿಯವರಿಗೆ ಇದನ್ನು ಮನಗಾಣಿಸುವುದೇ ಕಷ್ಟದ ಕೆಲಸ. ಉಳಿದದ್ದು ಕಾಗದಪತ್ರಗಳ ಓಡಾಟ ಮಾತ್ರ.

ಆ ಓಡಾಟದಲ್ಲಿಯೂ ಒಂದೆರಡು ವಿವೇಕಗಳುಂಟು. ‘ನರ್ಸ್’ ಎಂಬ ಹೆಸರನ್ನು ಧರಿಸಬೇಕಾದರೆ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಪರಿಚಾರಿಕೆಯಾಗಿ ತರಬೇತಿ ಪಡೆದವಳು ಮೈ ಒರೆಸಬಹುದು, ಉಣಿಸಬಹುದು, ನಡೆಸಬಹುದು, ಆದರೆ ಮೂತ್ರನಾಳಕ್ಕೆ ನಳಿಕೆ ಹಾಕುವುದು, ರಕ್ತನಾಳಕ್ಕೆ ಇಂಜೆಕ್ಷನ್ ಕೊಡುವುದು ಅವಳ ಕಾರ್ಯವಲ್ಲ. ಈ ಗಡಿಯನ್ನು ಕರಾರಿನಲ್ಲಿ ಬರೆದಿಟ್ಟರೆ ಮನೆಯವರ ಒತ್ತಾಯಕ್ಕೆ ಅವಳು ಮಣಿಯಬೇಕಾಗುವುದಿಲ್ಲ. ಹೊಸಬರನ್ನು ಮನೆಯೊಳಕ್ಕೆ ಬಿಡುವ ಮುನ್ನ ಪೊಲೀಸ್ ಪರಿಶೀಲನೆ ಮಾಡಿಸುವುದು, ದೂರು ಹೇಳಲು ಒಬ್ಬರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ, ಅದರ ಕೆಳಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿಯಾದ 14567ನ್ನೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು, ಇವುಗಳಿಗೆ ಯಾವ ಮಸೂದೆಗೂ ಕಾಯಬೇಕಾಗಿಲ್ಲ.

ಓಣಿಯ ಹೆಂಗಸಿನ ಪಾಡು ಮಾತ್ರ ಬೇರೆ. ನೋಂದಣಿಯ ಶುಲ್ಕ, ತರಬೇತಿಯ ಪ್ರಮಾಣಪತ್ರಗಳೆಂಬ ಭಾರವನ್ನು ಏಜೆನ್ಸಿಯ ಮೇಲೆ ಹೊರಿಸುವಂತೆಯೇ ಅವಳ ಮೇಲೂ ಹೊರಿಸಿದರೆ, ಅವಳು ಸೇವೆಯನ್ನು ಬಿಟ್ಟು ಕಬ್ಬಿನ ಗದ್ದೆಗೆ ಹೋಗುವಳು, ಮುದುಕನ ಹಾಸಿಗೆಯ ಬಳಿ ಯಾರೂ ಉಳಿಯರು. ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವಾದ 1,200 ರೂಪಾಯಿಯಲ್ಲಿ ಪ್ರಮಾಣಪತ್ರವುಳ್ಳ ಪರಿಚಾರಿಕೆಯನ್ನು ಇಟ್ಟುಕೊಳ್ಳುವುದು ಕನಸಿನ ಮಾತು. ಆದ್ದರಿಂದ ಅವಳಿಗೆ ತರಬೇತಿಯು ಊರಿನಲ್ಲಿಯೇ, ಉಚಿತವಾಗಿ, ಒಕ್ಕಲುತನದ ಬಿಡುವಿನ ದಿನಗಳಲ್ಲಿ ದೊರೆಯಬೇಕು. ಅದಕ್ಕೆ ಬೇಕಾದ ಜನ ಇಲ್ಲದಿಲ್ಲ: ಹಿರಿಯ ನಾಗರಿಕರ ಹೊಣೆಯನ್ನೂ ಹೊತ್ತಿರುವ ವಿಕಲಚೇತನರ ಇಲಾಖೆಗೆ ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹಾಸಿಗೆ ಹಿಡಿದ ವೃದ್ಧರ ಮನೆಗೆ ಆರೋಗ್ಯ ಕಾರ್ಯಕರ್ತರು ಭೇಟಿಕೊಡಬೇಕೆಂಬುದು 2010–11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧಾರೋಗ್ಯ ಕಾರ್ಯಕ್ರಮದಲ್ಲಿಯೇ ಇದೆ, ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಬಾಯಿಪಾಠ. ಅವಳಿಗೆ ಈಗಿರುವ ಗೌರವಧನದ ಮೇಲೆ ಇನ್ನೊಂದು ಕೆಲಸವನ್ನು ಪುಕ್ಕಟೆಯಾಗಿ ಹೇರಬಾರದು, ಅಷ್ಟೆ. ನೆರೆಯ ಕೇರಳವು 2008ರಲ್ಲಿಯೇ ಉಪಶಾಮಕ ಚಿಕಿತ್ಸಾ ನೀತಿಯನ್ನು ರೂಪಿಸಿ ಪಂಚಾಯಿತಿಗಳ ಮೂಲಕ ದಾದಿಯರನ್ನು ಮನೆಮನೆಗೆ ಕಳುಹಿಸುವ ವ್ಯವಸ್ಥೆಯನ್ನು ಕಟ್ಟಿದ್ದು ಇಂಥ ಸ್ಥಳೀಯ ಜನರನ್ನು ನೆಚ್ಚಿಕೊಂಡೇ.

ನಿಯಮ ರಚಿಸುವವರು ಬೆಂಗಳೂರಿನಲ್ಲಿ ಕುಳಿತು ಮರೆಯಬಹುದಾದ ಸಂಗತಿಯೊಂದು ಈ ಸೀಮೆಯಲ್ಲಿದೆ. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ತಾಲ್ಲೂಕುಗಳು. ಹೆಣ್ಣು ಕೊಡುವುದು ತರುವುದು, ಸಂತೆಗೆ ಹೋಗುವುದು, ಸೊಲ್ಲಾಪುರದ ದವಾಖಾನೆಗೆ ಓಡುವುದು ಎಲ್ಲವೂ ಗಡಿಯನ್ನು ಲೆಕ್ಕಿಸದೆ ನಡೆಯುವಲ್ಲಿ, ಗಡಿಯಾಚೆಯ ಅಕ್ಕಲಕೋಟೆಯ ಕಡೆಯ ಹೆಂಗಸು ಈಚೆಯ ಖಜೂರಿಯ ಮನೆಯೊಂದಕ್ಕೆ ಸೇವೆಗೆ ಬರುವುದೂ, ಅವಳ ಪಗಾರ ಪುಣೆಯ ಮಗನಿಂದ ಫೋನಿನಲ್ಲಿ ಜಮೆಯಾಗುವುದೂ ಸಹಜವೇ. ನೋಂದಣಿಯು ರಾಜ್ಯದ ಪ್ರಾಧಿಕಾರದ ಕೆಲಸವಾದರೆ ಅವಳ ಹೆಸರು ಯಾವ ರಾಜ್ಯದ ಪುಸ್ತಕದಲ್ಲಿ ಸೇರಬೇಕು, ಮರಾಠಿಯಲ್ಲಿರುವ ಪ್ರಮಾಣಪತ್ರವನ್ನು ಕಲಬುರಗಿಯ ಕಚೇರಿ ಒಪ್ಪುವುದೆ, ದೂರು ಬಂದರೆ ವಿಚಾರಿಸುವ ಠಾಣೆ ಯಾವುದು ಎಂಬುದನ್ನು ಕರಡಿನ ಹಂತದಲ್ಲಿಯೇ ಬಿಡಿಸಿ ಹೇಳಬೇಕಾಗುತ್ತದೆ. ಕರಡಿನ ಮೇಲೆ ಆಕ್ಷೇಪಣೆಗಳನ್ನು ಆಹ್ವಾನಿಸಿದಾಗ ಈ ಭಾಗದ ಪಂಚಾಯಿತಿಗಳೂ ಏಜೆನ್ಸಿಗಳೂ ಮೊದಲು ಕಳುಹಿಸಬೇಕಾದ ಪ್ರಶ್ನೆಗಳು ಇವೇ.