ನೀರು ಕಟ್ಟಿದ ಕಲ್ಲು

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿ ಸಾಲಿನಲ್ಲಿ ಈಗೀಗ ಅಗೇಟ್ ಕಲ್ಲಿಗೆ ಒಳ್ಳೆಯ ಗಿರಾಕಿ. ಸುತ್ತುಸುತ್ತು ಗೆರೆಗಳಿರುವ ತೆಳು ಬಿಲ್ಲೆಗಳು ಕಾಫಿ ಲೋಟದಡಿ ಇಡಲು, ಮಣಿಸರ ಕೊರಳಿಗೆ, ಪುಟ್ಟ ಗಣಪ ಮೇಜಿನ ಮೇಲಕ್ಕೆ. "ಜ್ವಾಲಾಮುಖಿಯ ಬೆಂಕಿಯಲ್ಲಿ ಹುಟ್ಟಿದ್ದು ಮೇಡಂ" ಎನ್ನುತ್ತಾರೆ ಮಾರುವವರು. ಭೂವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನನಗೆ ಅಲ್ಲೇ ನಿಂತು ತಿದ್ದಬೇಕೆನಿಸುತ್ತದೆ: ಬೆಂಕಿ ಕೊಟ್ಟದ್ದು ಬರೀ ಜಾಗವನ್ನು. ಕಲ್ಲು ಕಟ್ಟಿದ್ದು ನೀರು.

ನಾನು ಬೆಳೆದದ್ದು ಇಂಡಿ ತಾಲ್ಲೂಕಿನ ಭೀಮಾ ದಂಡೆಯಲ್ಲಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗರಸಿನಲ್ಲಿ ಹಾಲುಬಿಳುಪಿನ, ಜೇನುಬಣ್ಣದ ನುಣುಪು ಹರಳುಗಳು ಮೇಲೆದ್ದು ಕಾಣುತ್ತಿದ್ದವು. ರಾತ್ರಿ ಕಂಬಳಿಯೊಳಗೆ ಎರಡು ಹರಳುಗಳನ್ನು ಜೋರಾಗಿ ಉಜ್ಜಿದರೆ ಅವುಗಳೊಳಗೆ ಮಂದ ಕಿತ್ತಳೆ ಬೆಳಕು ಮಿನುಗಿ, ಸುಟ್ಟ ವಾಸನೆ ಬರುತ್ತಿತ್ತು. ಸ್ಫಟಿಕ ಜಾತಿಯ ಕಲ್ಲುಗಳಿಗೆಲ್ಲ ಈ ಗುಣವಿದೆ. ಅವು ಅಗೇಟಿನ ಬಳಗದವು ಎಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿಂದ ನಮ್ಮೂರಿನವರೆಗೂ ಅದು ಹರಿಯುವುದು ಕರಿಯ ಬಸಾಲ್ಟ್ ನೆಲದ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಭೂಮಿ ಉದ್ದುದ್ದ ಬಿರಿದು ಲಾವಾ ಪದರ ಪದರವಾಗಿ ಹರಡಿತು. ಸವೆದು ಉಳಿದದ್ದೇ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಪಾಲಿಗೆ ಬಂದದ್ದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ನೆಲ. ಗೋಳಗುಮ್ಮಟ ಎದ್ದದ್ದೂ ಇದೇ ಕಲ್ಲಿನಿಂದ.

ಲಾವಾ ಮೇಲೆ ಬಂದಂತೆ ಒತ್ತಡ ಇಳಿದು, ಅದರಲ್ಲಿ ಕರಗಿದ್ದ ನೀರಾವಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಮೇಲೇಳುತ್ತವೆ. ಅಷ್ಟರಲ್ಲಿ ಮೇಲ್ಭಾಗ ಗಟ್ಟಿಯಾಗಿಬಿಟ್ಟರೆ ಅದು ಸೆಟ್ ದೋಸೆಯ ಹಾಗೆ ತೂತುತೂತಾಗಿ ನಿಲ್ಲುತ್ತದೆ. ಕಾಳಿನಷ್ಟು ಸಣ್ಣ ತೂತಿನಿಂದ ತಲೆ ಗಾತ್ರದ ಪೊಳ್ಳಿನವರೆಗೆ.

ಲಾವಾದ ಬಿಸಿ 1,100 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ್ದು. ಅಗೇಟಿನೊಳಗಿನ ಆಮ್ಲಜನಕದ ಐಸೋಟೋಪುಗಳನ್ನು ಅಳೆದವರು ಹೇಳುವ ಪ್ರಕಾರ ಹೆಚ್ಚಿನ ಅಗೇಟುಗಳು ಕಟ್ಟಿಕೊಂಡದ್ದು ನೂರು ಡಿಗ್ರಿಯ ಆಸುಪಾಸಿನಲ್ಲಿ, ಇಲ್ಲವೇ ಅದಕ್ಕೂ ಕೆಳಗೆ. ಬಂಡೆ ಆರಿದ ಮೇಲೆ ಬಿರುಕುಗಳಲ್ಲಿ ಜಿನುಗುವ ನೀರು ಬಸಾಲ್ಟಿನ ಗಾಜಿನಂಥ ಅಂಶವನ್ನು ಕರಗಿಸಿ, ಸಿಲಿಕಾ ಹೊತ್ತು ಪೊಳ್ಳಿಗೆ ಇಳಿಯುತ್ತದೆ. ಅಲ್ಲಿ ಸಿಲಿಕಾ ಗೋಡೆಗೆ ಅಂಟುತ್ತಾ ಬರುತ್ತದೆ.

ನನ್ನ ಬನಶಂಕರಿಯ ಮನೆಯಲ್ಲಿ ಅಡ್ಡ ಕೊಯ್ದ ಒಂದು ಹರಳಿದೆ. ನೀರು ಸವರಿ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಹೊರಗಡೆ ಹಸಿರು ಸಿಪ್ಪೆ. ಅದು ಸೆಲಡೊನೈಟ್, ಪೊಳ್ಳಿನ ಗೋಡೆಗೆ ಮೊದಲು ಹತ್ತಿದ ಖನಿಜ. ಅದರೊಳಗೆ ಬೂದು, ಬಿಳಿ, ಬೂದು ಗೆರೆಗಳು, ಗೋಡೆಯ ಪ್ರತಿ ಅಂಕುಡೊಂಕನ್ನೂ ಬಿಡದೆ ಅನುಸರಿಸುತ್ತವೆ. ಪ್ರತಿ ಗೆರೆಯೂ ಕ್ಯಾಲ್ಸೆಡೊನಿ: ಸ್ಫಟಿಕದ ಅತಿ ಸಪೂರ ಎಳೆಗಳು ಗೋಡೆಯಿಂದ ಒಳಮುಖವಾಗಿ ಒತ್ತೊತ್ತಾಗಿ ಬೆಳೆದದ್ದು. ಎಳೆಗಳನ್ನು ನೋಡಲು ಮಸೂರ ಸಾಲದು, ಸೂಕ್ಷ್ಮದರ್ಶಕವೇ ಬೇಕು. ನಟ್ಟನಡುವೆ ಮಾತ್ರ ಬರಿಗಣ್ಣಿಗೇ ಕಾಣುವ ಸ್ಫಟಿಕದ ಮೊನೆಗಳು. ನೀರಿನಲ್ಲಿ ಸಿಲಿಕಾ ತೆಳುವಾದಾಗ ಹರಳು ನಿಧಾನವಾಗಿ, ದೊಡ್ಡದಾಗಿ ಬೆಳೆಯುತ್ತದೆ.

ಗೆರೆ ಹೇಗೆ ಮೂಡಿತು ಎಂಬ ಜಗಳ ಮುಗಿದಿಲ್ಲ. ಸಿಲಿಕಾದ ಲೋಳೆಯೊಳಗೆ ತಾನಾಗಿಯೇ ಗೆರೆ ಕಟ್ಟುತ್ತದೆಂದು ಜರ್ಮನಿಯ ಲೀಸೆಗಾಂಗ್ ನೂರು ವರ್ಷಗಳ ಹಿಂದೆಯೇ ವಾದಿಸಿದರು. ಮತ್ತೆ ಮತ್ತೆ ನೀರು ಬಂದು ಹೋದ ಗುರುತು ಅದು ಎನ್ನುವವರು ಇನ್ನೊಂದು ಕಡೆ. ನನಗೆ ಎರಡರಲ್ಲೂ ಸತ್ಯವಿದೆ ಎನಿಸುತ್ತದೆ. ಒಂದೇ ಬಂಡೆಯಲ್ಲಿ ಅಕ್ಕಪಕ್ಕ ಸಿಕ್ಕ ಎರಡು ಅಗೇಟುಗಳ ಗೆರೆಗಳು ಹೊಂದುವುದಿಲ್ಲ. ಬರೀ ಹೊರಗಿನ ನೀರಿನ ಲೆಕ್ಕವಾಗಿದ್ದರೆ ಹೊಂದಬೇಕಿತ್ತು.

ಲಾಲ್‌ಬಾಗಿನ ಬಂಡೆಯಲ್ಲಿ ಅಗೇಟ್ ಸಿಗುತ್ತದೆಯೇ ಎಂದು ಪಕ್ಕದ ಮನೆಯ ಮಕ್ಕಳು ಕೇಳುತ್ತಾರೆ. ಸಿಗದು. ಅದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ. ಭೂಮಿಯ ಆಳದಲ್ಲಿ, ಭಾರಿ ಒತ್ತಡದಲ್ಲಿ ರೂಪುಗೊಂಡದ್ದು. ಗುಳ್ಳೆಗೆ ಅಲ್ಲಿ ಎಡೆಯೇ ಇರಲಿಲ್ಲ.

ರಾಯಚೂರು ಜಿಲ್ಲೆಯ ಮಸ್ಕಿಯದೂ ಇಂಥದೇ ಗ್ರಾನೈಟು, ನೈಸಿನ ನೆಲ. ಆದರೂ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್ ಮಣಿಗಳು ಸಿಕ್ಕವು. ಕಲ್ಲು ಕೃಷ್ಣಾ–ಭೀಮೆಯರ ಗರಸಿನಿಂದ ಹೋಗಿರಬೇಕೆಂದು ನನ್ನ ಊಹೆ. ಕಾರ್ನೀಲಿಯನ್ನಿನ ಕೆಂಪು ಕಬ್ಬಿಣದ್ದು. ಹಳದಿ ಮಿಶ್ರಿತ ಕಲ್ಲನ್ನು ಹದವಾಗಿ ಸುಟ್ಟರೆ ಅದರಲ್ಲಿನ ಕಬ್ಬಿಣದ ಅಂಶ ನೀರು ಕಳೆದುಕೊಂಡು ಕೆಂಪೇರುತ್ತದೆ. ಗುಜರಾತಿನ ಖಂಬಾತಿನ ಕಸುಬುದಾರರು ಈ ಕೆಲಸವನ್ನು ಬಿಟ್ಟಿಲ್ಲ. ಉಕ್ಕಿನ ಚಾಕುವಿಗೂ ಗೀರಾಗದ ಕಲ್ಲಿಗೆ ದಾರ ತೂರುವಷ್ಟು ಸಣ್ಣ ತೂತು ಕೊರೆದ ಆ ಕೈಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಇನ್ನು ಅಂಗಡಿಯ ಕಡುನೀಲಿ, ಗುಲಾಬಿ ಬಿಲ್ಲೆಗಳು. ಅವು ಬಹುಪಾಲು ಬಣ್ಣ ಕುಡಿಸಿದವು. ಎಳೆಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುವುದರಿಂದ ಕೆಲವು ಗೆರೆ ಬಣ್ಣ ಹೀರುತ್ತವೆ, ಕೆಲವು ಬಿಳಿಯಾಗೇ ಉಳಿಯುತ್ತವೆ. ಕಪ್ಪು ಬೇಕಾದರೆ ಸಕ್ಕರೆ ಪಾಕದಲ್ಲಿ ನೆನೆಹಾಕಿ ಗಂಧಕಾಮ್ಲಕ್ಕೆ ಅದ್ದುತ್ತಾರೆ, ಸಕ್ಕರೆ ಒಳಗೇ ಇದ್ದಿಲಾಗುತ್ತದೆ. ಬಣ್ಣ ಹಾಕುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಮೊಬೈಲ್ ಟಾರ್ಚಿನ ಮುಂದೆ ಹಿಡಿಯಿರಿ: ಬಣ್ಣ ಬಿರುಕುಗಳಲ್ಲಿ ಗಾಢವಾಗಿ ಕೂತಿದ್ದರೆ ಅನುಮಾನ ಪಡಿ. ನಾನು ಆರಿಸುವುದು ಬೂದು ಬಣ್ಣದ್ದನ್ನೇ. ನಡುವೆ ಹರಳಿನ ಗುಳಿ ಉಳಿದದ್ದು ಸಿಕ್ಕರಂತೂ ಬೆಲೆ ಕೇಳುವ ಮೊದಲೇ ಕೈಗೆತ್ತಿಕೊಳ್ಳುತ್ತೇನೆ.