ಕೊಟ್ಟ ಮಾತಿಗೆ ಲೆಕ್ಕ ಕೇಳುವ ರಾಯಚೂರು

2022ರ ಮೇ 13ರಂದು ರಾಯಚೂರು ನಗರದಲ್ಲಿ ಒಂದು ಪೆಂಡಾಲು ಎದ್ದಿತು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ಹೇಗಿರುತ್ತದೆಂದು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಅಂಥ ಬಿಸಿಲಿನಲ್ಲಿ ಕುಳಿತವರ ಬೇಡಿಕೆ ಒಂದೇ: ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಏಮ್ಸ್, ರಾಯಚೂರಿಗೆ ಬರಬೇಕು. ನಾಲ್ಕು ದಿನ ಕುಳಿತು ಎದ್ದು ಹೋಗುತ್ತಾರೆ ಎಂದುಕೊಂಡವರೇ ಹೆಚ್ಚು. ಆದರೆ ಮಳೆಗಾಲ ಕಳೆಯಿತು, ವಿಧಾನಸಭೆಗೆ ಚುನಾವಣೆ ನಡೆದು ಸರ್ಕಾರ ಬದಲಾಯಿತು, ಲೋಕಸಭೆ ಚುನಾವಣೆಯೂ ಮುಗಿಯಿತು. ಧರಣಿ ಮಾತ್ರ ನಿಲ್ಲಲಿಲ್ಲ. 2025ರ ಫೆಬ್ರುವರಿಯಲ್ಲಿ ಅದು ಸಾವಿರ ದಿನ ದಾಟಿತು.

ಹೊರಗಿನವರಿಗೆ ಇದು ಹಟ ಎನಿಸಬಹುದು. ಹಟದ ಹಿಂದೆ ಒಂದು ಹಳೆಯ ನೋವಿದೆ. ರಾಜ್ಯಕ್ಕೆ ಐಐಟಿ ಮಂಜೂರಾದಾಗ ಪಟ್ಟಿಯಲ್ಲಿ ಧಾರವಾಡ, ಮೈಸೂರುಗಳ ಜತೆ ರಾಯಚೂರಿನ ಹೆಸರೂ ಇತ್ತು. 2016ರಲ್ಲಿ ಐಐಟಿ ಆರಂಭವಾದದ್ದು ಧಾರವಾಡದಲ್ಲಿ. ರಾಯಚೂರಿಗೆ 2019ರಲ್ಲಿ ಬಂದದ್ದು ಐಐಐಟಿ. ಅದರ ಪಾಠಗಳೂ ಮೊದಲಿಗೆ ನಡೆದದ್ದು ಹೈದರಾಬಾದಿನಲ್ಲಿ! ಏಮ್ಸ್ ವಿಚಾರದಲ್ಲಿಯೂ ಹುಬ್ಬಳ್ಳಿ-ಧಾರವಾಡದ ಹೆಸರು ಕೇಳಿಬಂದಾಗ ಜನ ರಸ್ತೆಗೆ ಇಳಿದರು. 2023ರಲ್ಲಿ ರಾಜ್ಯ ಸರ್ಕಾರವೇ ಕೇಂದ್ರಕ್ಕೆ ಪತ್ರ ಬರೆದು ರಾಯಚೂರಿನಲ್ಲಿ ಏಮ್ಸ್ ಸ್ಥಾಪಿಸುವಂತೆ ಕೋರಿತು. ಪಕ್ಕದ ತೆಲಂಗಾಣದಲ್ಲಿ ಬೀಬಿನಗರದ ಏಮ್ಸ್ ಇದೆ, ಆಂಧ್ರಪ್ರದೇಶದಲ್ಲಿ ಮಂಗಳಗಿರಿಯದು ಇದೆ. ಕರ್ನಾಟಕಕ್ಕೆ ಒಂದೂ ದಕ್ಕಿಲ್ಲ.

ಇಷ್ಟಾಗಿ, ರಾಯಚೂರು ಬರಿಗೈಯ ಜಿಲ್ಲೆಯೇನಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1980ರ ದಶಕದಿಂದ ನಾಡಿಗೆ ವಿದ್ಯುತ್ ಕೊಡುತ್ತಿದೆ. ಸಿಂಧನೂರು, ಮಾನ್ವಿಗಳ ಗದ್ದೆಯ ಅಕ್ಕಿ ಊರೂರಿಗೆ ಹೋಗುತ್ತದೆ. ಅದೇ ಜಿಲ್ಲೆಯ ದೇವದುರ್ಗದಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ, ಜತೆಗೆ ಮಕ್ಕಳನ್ನೂ ಕರೆದೊಯ್ಯುತ್ತಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲೂಕುಗಳು. ದೇವದುರ್ಗ, ಮಾನ್ವಿ ಎರಡೂ ಆ 39ರ ಪಟ್ಟಿಯಲ್ಲಿವೆ. 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ ಎರಡು ಜಿಲ್ಲೆಗಳು ರಾಯಚೂರು ಮತ್ತು ಯಾದಗಿರಿ. ಪಟ್ಟಿಗಳಿಗೆ ಈ ಜಿಲ್ಲೆಯಲ್ಲಿ ಎಂದೂ ಬರವಿಲ್ಲ.

ದವಾಖಾನೆಗೆ ದಾರಿ ಯಾವುದು?

ಆರೋಗ್ಯ ಬೇರೆ, ಸಾರಿಗೆ ಬೇರೆ ಎಂದು ಸರ್ಕಾರದ ಕಡತಗಳು ಹೇಳುತ್ತವೆ. ಹಳ್ಳಿಯಲ್ಲಿ ಇವೆರಡೂ ಒಂದೇ. ದೇವದುರ್ಗದ ಒಳಹಳ್ಳಿಯಲ್ಲಿ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲ ಪ್ರಶ್ನೆ ವೈದ್ಯರದಲ್ಲ, ಗಾಡಿಯದು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಸೇವೆ ಬಂದ ಮೇಲೆ ಈ ಕಷ್ಟ ಎಷ್ಟೋ ಕಡಿಮೆಯಾಯಿತು, ನಿಜ. ಆದರೆ ಆಂಬುಲೆನ್ಸ್ ತಾಲೂಕು ಆಸ್ಪತ್ರೆಯ ಬಾಗಿಲಿಗೆ ತಲುಪಿಸಬಲ್ಲದು. ಅಲ್ಲಿ ಆ ಹೊತ್ತಿನಲ್ಲಿ ಹೆರಿಗೆ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ವೈದ್ಯರು ಮೂವರೂ ಇರಬೇಕು. ಒಬ್ಬರಿಲ್ಲದಿದ್ದರೂ ಚೀಟಿ ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಮುಂದಕ್ಕೆ ಎಂದರೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ರಾಯಚೂರು. ಅಲ್ಲಿಯೂ ಆಗದಿದ್ದರೆ ಹೈದರಾಬಾದು.

ಕಟ್ಟಡ ಇದ್ದ ಮಾತ್ರಕ್ಕೆ ಚಿಕಿತ್ಸೆ ಸಿಗುವುದಿಲ್ಲ ಎಂಬುದನ್ನು ರಾಯಚೂರು ಚೆನ್ನಾಗಿ ಬಲ್ಲದು. ತೈಲ ರಫ್ತು ರಾಷ್ಟ್ರಗಳ ಒಕ್ಕೂಟದ ನಿಧಿಯ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇಂದಿಗೂ ‘ಒಪೆಕ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಹೃದಯ, ಮೂತ್ರಪಿಂಡ, ನರರೋಗಗಳಿಗೆ ಇನ್ನು ಹೈದರಾಬಾದಿಗೆ ಹೋಗಬೇಕಾಗಿಲ್ಲ ಎಂಬ ಆಸೆಯಿಂದ ಅದು ಎದ್ದು ನಿಂತಿತು. ಕೆಲವು ವರ್ಷ ಖಾಸಗಿ ಸಂಸ್ಥೆಯ ಜತೆಗಿನ ಒಪ್ಪಂದದ ಮೇಲೆ ನಡೆಯಿತು. ಒಪ್ಪಂದ ಮುಗಿದ ಮೇಲೆ ಸರ್ಕಾರದ ಕೈಗೆ ಬಂದು, 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ರಿಮ್ಸ್‌ನ, ಆಸರೆಗೆ ಸೇರಿತು. ಏಮ್ಸ್ ಬೇಕೆನ್ನುವವರೂ ಬೇಡವೆನ್ನುವವರೂ ಈ ಆಸ್ಪತ್ರೆಯ ಕಥೆಯನ್ನೇ ಉದಾಹರಣೆಗೆ ಕೊಡುತ್ತಾರೆಂಬುದು ಸ್ವಾರಸ್ಯ. ತಜ್ಞರು ಬಂದು ನಿಲ್ಲುವಂಥ ವ್ಯವಸ್ಥೆ ಕೇಂದ್ರದ ದೊಡ್ಡ ಸಂಸ್ಥೆಯಿಂದ ಮಾತ್ರ ಸಾಧ್ಯ ಎಂಬುದು ಧರಣಿ ಕುಳಿತವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಧರಣಿ ಆರಂಭವಾದ ಕೆಲವೇ ದಿನಗಳಲ್ಲಿ, 2022ರ ಮೇ ಕೊನೆಯ ಹೊತ್ತಿಗೆ, ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು. ಹಲವರು ಸತ್ತರು. ಮರುವರ್ಷ ಮೇ ತಿಂಗಳಲ್ಲಿಯೇ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಮತ್ತೆ ಅದೇ ವಾಂತಿ-ಭೇದಿ, ಒಂದು ಮಗುವಿನ ಸಾವು. ಈ ಸಾವುಗಳನ್ನು ತಡೆಯಲು ಏಮ್ಸ್ ಬೇಕಿರಲಿಲ್ಲ. ಶುದ್ಧ ಮಾಡಿದ ನೀರು ಸಾಕಿತ್ತು. ದೊಡ್ಡ ಬೇಡಿಕೆಯ ನೆರಳಿನಲ್ಲಿ ಇಂಥ ಚಿಕ್ಕ ಬೇಡಿಕೆಗಳು ಮರೆಯಾಗುವ ಅಪಾಯವಿದೆ. ದೊಡ್ಡ ಬೇಡಿಕೆಗೆ ಒಂದು ಪತ್ರ ಬರೆದು ದೆಹಲಿಗೆ ಕಳುಹಿಸಿದರೆ ರಾಜ್ಯ ಸರ್ಕಾರದ ಹೊಣೆ ಮುಗಿದಂತೆ ಕಾಣುತ್ತದೆ. ನೀರಿನ ಟ್ಯಾಂಕ್ ತೊಳೆದಿದ್ದೀರಾ ಎಂಬ ಪ್ರಶ್ನೆಗೆ ಹಾಗೆ ಪತ್ರ ಬರೆದು ಪಾರಾಗುವಂತಿಲ್ಲ.

ಬೆಳಗಿನ ಬಸ್ಸು

ಮಾನ್ವಿ, ದೇವದುರ್ಗಗಳ ಹಳ್ಳಿ ಮಕ್ಕಳು ಹತ್ತನೇ ತರಗತಿ ದಾಟಿದರೆ ಮುಂದಿನ ಕಾಲೇಜು ಹೆಚ್ಚಾಗಿ ತಾಲೂಕು ಕೇಂದ್ರದಲ್ಲಿ ಇಲ್ಲವೆ ರಾಯಚೂರಿನಲ್ಲಿ. ಊರಿನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಇದ್ದ ಹಳ್ಳಿಯ ಮಕ್ಕಳು ಪುಣ್ಯವಂತರು. ಬಸ್ಸು ತಪ್ಪಿದರೆ ಟಂಟಂ ಅಥವಾ ಕ್ರೂಸರ್. ಅದೂ ಇಲ್ಲವೆಂದರೆ ಆ ದಿನದ ಪಾಠ ಹೋಯಿತು. ಸಂಜೆಯ ಬಸ್ಸು ಕತ್ತಲಾದ ಮೇಲೆ ಬರುವುದಾದರೆ ಗಂಡುಮಕ್ಕಳು ಹೇಗೋ ನಿಭಾಯಿಸುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪ-ಅವ್ವ ಎಷ್ಟು ದಿನ ಧೈರ್ಯ ಮಾಡಿಯಾರು? ಫೇಲಾಗಿ ಕಾಲೇಜು ಬಿಟ್ಟವರ ಲೆಕ್ಕ ಸಿಗುತ್ತದೆ, ಬಸ್ಸಿಲ್ಲದೆ ಬಿಟ್ಟವರ ಲೆಕ್ಕ ಇಡುವವರಿಲ್ಲ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಇದು ಸಣ್ಣ ಮಾತಲ್ಲ. ಕೂಲಿಗೆ ಹೋಗುವ ತಾಯಿಗೆ ಮಗಳ ಬಸ್ ಚಾರ್ಜು ಉಳಿದರೆ ಅದು ನೋಟುಪುಸ್ತಕಕ್ಕಾದೀತು. ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ಸೂ ಬರಬೇಕಲ್ಲ! ಈ ಭಾಗದ ಬಸ್ಸುಗಳನ್ನು ನಡೆಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ದಲ್ಲಿ ಈಶಾನ್ಯ ಸಾರಿಗೆ ಎಂದು ಹುಟ್ಟಿದ ನಿಗಮಕ್ಕೆ 2021ರಲ್ಲಿ ಈ ಹೆಸರು ಬಂತು. ಯಾವ ಹಳ್ಳಿಗೆ ಎಷ್ಟು ಗಂಟೆಗೆ ಬಸ್ಸು ಎಂಬ ಶೆಡ್ಯೂಲು ಡಿಪೋದಲ್ಲಿರುತ್ತದೆ. ಶೆಡ್ಯೂಲಿನಲ್ಲಿದ್ದ ಬಸ್ಸು ಓಡಿತೋ ರದ್ದಾಯಿತೋ ಎಂಬುದಕ್ಕೂ ಅಲ್ಲಿ ದಾಖಲೆ ಇರುತ್ತದೆ.

2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಅಂದು ಬೆಳಿಗ್ಗೆ ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಯಿತು. ಇಬ್ಬರು ವಿದ್ಯಾರ್ಥಿಗಳು ಸತ್ತರು. ಹಲವರು ಗಾಯಗೊಂಡರು, ಕೆಲವು ಮಕ್ಕಳು ಕಾಲು ಕಳೆದುಕೊಂಡರು. ಆ ಬೆಳಿಗ್ಗೆ ಮಾನ್ವಿಯ ತಾಯಿ-ತಂದೆಯರಿಗೆ ರಸ್ತೆ, ಬಸ್ಸು, ಆಂಬುಲೆನ್ಸ್, ಆಸ್ಪತ್ರೆ ಎಲ್ಲವೂ ಒಂದೇ ಪ್ರಶ್ನೆಯಾಗಿತ್ತು.

ಯಾರನ್ನು ಕೇಳಬೇಕು?

ಮನವಿ ಪತ್ರಗಳಲ್ಲಿ ಬಹುಪಾಲು ಸೋಲುವುದು ವಿಳಾಸದಲ್ಲಿ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯದ ಹೊಣೆ, ರೈಲು ಕೇಂದ್ರದ್ದು. ಏಮ್ಸ್ ಕೊಡುವುದು ಕೇಂದ್ರ, ಆದರೆ ಜಾಗ ತೋರಿಸಬೇಕಾದದ್ದು ರಾಜ್ಯ. ಕೇಂದ್ರದವರು ರಾಜ್ಯದ ಕಡೆ, ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸುತ್ತ ವರ್ಷಗಳನ್ನು ಕಳೆಯಲು ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಸಚಿವರು ಸಾರ್ವಜನಿಕ ಸಭೆಯಲ್ಲಿ ಹೇಳಿದ್ದು ಭಾಷಣ. ಅದನ್ನೇ ಸದನದಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಅದು ದಾಖಲೆಗೆ ಸೇರುವ ಭರವಸೆ. ಇಂಥ ಭರವಸೆಗಳು ಈಡೇರಿದವೇ ಎಂದು ವಿಚಾರಿಸಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅಲ್ಲಿ ಕೊಟ್ಟ ಮಾತನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ಕರ್ನಾಟಕ ವಿಧಾನಸಭೆ, ವಿಧಾನ ಪರಿಷತ್ತುಗಳಲ್ಲಿಯೂ ಇಂಥ ಸಮಿತಿಗಳಿವೆ. ಆದ್ದರಿಂದ ಶಾಸಕರನ್ನು ಕಾಣಲು ಹೋದವರು ‘ಬಸ್ಸು ಕೊಡಿಸಿ’ ಎಂದು ಕೈಮುಗಿದು ಬರುವುದಕ್ಕಿಂತ, ‘ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿ’ ಎಂದು ಬರೆದುಕೊಟ್ಟು ಬರುವುದು ಮೇಲು. ಉತ್ತರ ಅಚ್ಚಾಗುತ್ತದೆ. ಅಚ್ಚಾದ ಮಾತನ್ನು ಅಲ್ಲಗಳೆಯುವುದು ಕಷ್ಟ.

ಇನ್ನೊಂದು ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಆದ್ದರಿಂದ ಅರ್ಜಿಯಲ್ಲಿ ಗೋಳು ತೋಡಿಕೊಳ್ಳುವಂತಿಲ್ಲ, ನೇರವಾಗಿ ಕೇಳಬೇಕು. ‘ನಮ್ಮೂರಿಗೆ ಬಸ್ಸು ಯಾಕೆ ಬರುತ್ತಿಲ್ಲ?’ ಎಂದರೆ ಹಾರಿಕೆಯ ಉತ್ತರ ಬರುತ್ತದೆ. ‘ಕಳೆದ ಮೂರು ತಿಂಗಳಲ್ಲಿ ಈ ಮಾರ್ಗದ ಬೆಳಗಿನ ಶೆಡ್ಯೂಲು ರದ್ದಾದ ದಿನಾಂಕಗಳನ್ನು ಕೊಡಿ’ ಎಂದರೆ ದಾಖಲೆಯ ಪ್ರತಿ ಕೊಡಲೇಬೇಕು. ತಾಲೂಕು ಆಸ್ಪತ್ರೆಗೂ ಹಾಗೆಯೇ: ಮಂಜೂರಾದ ತಜ್ಞರ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಖಾಲಿ ಎಂದಿನಿಂದ? ಉತ್ತರ ಬಾರದಿದ್ದರೆ ಮೇಲ್ಮನವಿ, ಕೊನೆಗೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲಿಯೂ ಇದೆ.

ಕೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಹಿರಿಯರು ಹೇಳುವುದುಂಟು. ಇದೇ ಭಾಗದ ಅನುಭವ ಬೇರೆ ಹೇಳುತ್ತದೆ. ಸಂವಿಧಾನದ 371ಜೆ ವಿಧಿಯ ಬೇಡಿಕೆಯನ್ನು ಕೇಂದ್ರ ಒಮ್ಮೆ ತಿರಸ್ಕರಿಸಿತ್ತು. ಜನ ಬಿಡಲಿಲ್ಲ. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. ರಾಯಚೂರಿನ ಮಕ್ಕಳಿಗೆ ಇಂದು ಈ ಭಾಗದ ವೈದ್ಯಕೀಯ ಕಾಲೇಜುಗಳಲ್ಲಿ ಸಿಗುವ ಶೇ 70ರ ಮೀಸಲು, ರಾಜ್ಯದ ಉಳಿದೆಡೆ ಸಿಗುವ ಶೇ 8ರ ಮೀಸಲು ಅದರ ಫಲ. ಹೈಕೋರ್ಟಿನ ಪೀಠ 2008ರಲ್ಲಿ ಕಲಬುರಗಿಗೆ ಬಂದದ್ದೂ ಸುಮ್ಮನೆ ಅಲ್ಲ, ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ನಂಜುಂಡಪ್ಪ ವರದಿಯ ಪಟ್ಟಿಯಲ್ಲಿದ್ದ ದೇವದುರ್ಗ, ಮಾನ್ವಿಗಳು ಎಷ್ಟು ಮೇಲೆ ಬಂದಿವೆ ಎಂದು ತೂಗಿ ನೋಡಲು ಇದೊಂದು ಅವಕಾಶ.

ರೈಲಿನ ಕಥೆ ಮಾತ್ರ ತಾಳ್ಮೆಯನ್ನೇ ಪರೀಕ್ಷಿಸುವಂಥದು. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬೈ ಕಡೆಯ ಹಳಿಯೂ ಮದ್ರಾಸಿನ ಕಡೆಯ ಹಳಿಯೂ ಕೂಡಿದ್ದು ಇಲ್ಲಿಯೇ. ಅಲ್ಲಿಂದ ನಲವತ್ತೈದು ಕಿಲೋಮೀಟರಿನಷ್ಟು ದೂರದ ಮಾನ್ವಿಗೆ ರೈಲಿನ ಆಸೆ ಚಿಗುರಿದ್ದು 1997-98ರಲ್ಲಿ, ಗಿಣಿಗೇರಾ–ಮಹಬೂಬ್‌ನಗರ ಮಾರ್ಗ ಮಂಜೂರಾದಾಗ. ಕೇಂದ್ರ, ರಾಜ್ಯಗಳೆರಡೂ ವೆಚ್ಚ ಹಂಚಿಕೊಂಡ ಯೋಜನೆಯಿದು. 2019ರಲ್ಲಿ ಗಂಗಾವತಿಗೆ ರೈಲು ಬಂತು. ಆಮೇಲೆ ಕಾರಟಗಿಗೆ. ತೆಲಂಗಾಣದ ಕಡೆಯಿಂದ ಜಕ್ಲೇರ್–ಕೃಷ್ಣಾ ನಡುವಿನ ಹಳಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ತಲುಪಿತು. ಹೀಗೆ ಎರಡೂ ಕಡೆಯಿಂದ ಹಳಿ ಬಂದು ನಿಂತಾಗ ನಡುವೆ ಉಳಿದದ್ದು ಸಿಂಧನೂರು–ರಾಯಚೂರು ತುಂಡು. ಮಾನ್ವಿ ಇರುವುದು ಆ ತುಂಡಿನಲ್ಲಿ. ಮಾರ್ಗ ಮಂಜೂರಾದ ವರ್ಷ ಮಾನ್ವಿಯಲ್ಲಿ ಹುಟ್ಟಿದ ಮಗು ಶಾಲೆ, ಕಾಲೇಜು ಎರಡನ್ನೂ ಬಸ್ಸಿನಲ್ಲಿಯೇ ಓಡಾಡಿ ಮುಗಿಸಿದೆ.