ಕನಸಲ್ಲೂ ಕೇಳುವ ಬಣ್ಣ

ಬಣ್ಣವನ್ನು ಕಿವಿಯಲ್ಲಿ ಕೇಳುವವರಿಗೆ ಎಂಥ ಕನಸು ಬೀಳುತ್ತೆ?

ಕೆಲವರಿಗೆ ಅಕ್ಷರ ನೋಡಿದ ಕೂಡಲೇ ಬಣ್ಣ ಕಾಣುತ್ತೆ, ಹಾಡು ಕೇಳಿದರೆ ಆಕಾರ ಮೂಡುತ್ತೆ. ಇದನ್ನ ಸಿನೆಸ್ತೀಷಿಯಾ ಅಂತಾರೆ. ಕಾಯಿಲೆ ಅಲ್ಲ, ಹೆಚ್ಚಿನವರಿಗೆ ಚಿಕ್ಕಂದಿನಿಂದಲೇ ಇರುತ್ತೆ.

ಕಲಾವಿದ ನೀಲ್ ಹಾರ್ಬಿಸನ್ ಮಾತ್ರ ಇಂಥದ್ದನ್ನು ಕಲಿತುಕೊಂಡವರು. ಹುಟ್ಟಿನಿಂದಲೇ ಅವರಿಗೆ ಕಾಣೋದು ಕಪ್ಪು, ಬಿಳುಪು, ಬೂದು ಅಷ್ಟೇ. 2004ರಲ್ಲಿ ತಲೆಗೆ ಕ್ಯಾಮೆರಾ ಹಾಕಿಕೊಂಡರು. ಎದುರಿಗೆ ಯಾವ ಬಣ್ಣ ಇದೆಯೋ ಅದಕ್ಕೆ ತಕ್ಕ ಸ್ವರವನ್ನು ಯಂತ್ರ ಕೇಳಿಸುತ್ತಿತ್ತು. ಕೆಂಪಿಗೆ ತಗ್ಗಿನ ಸ್ವರ, ನೇರಳೆಗೆ ಏರಿದ ಸ್ವರ. ಮೊದಮೊದಲು ಎಲ್ಲವನ್ನೂ ಬಾಯಿಪಾಠ ಮಾಡಬೇಕಾಯ್ತು. ಬರಬರುತ್ತಾ ಯೋಚಿಸದೇ ಗೊತ್ತಾಗತೊಡಗಿತು, ಇಷ್ಟದ ಬಣ್ಣ ಅಂತಲೂ ಹುಟ್ಟಿಕೊಂಡಿತು. ಆಮೇಲೆ, ಕನಸಿನಲ್ಲೂ ಬಣ್ಣದ ಸದ್ದು ಕೇಳಿಸಿತು!

ನನಗೆ ರೋಮಾಂಚನ ಆಗೋದು ಇಲ್ಲೇ. ಕನಸಿನ ಬಣ್ಣ ಕ್ಯಾಮೆರಾಕ್ಕೆ ಕಾಣೋದಿಲ್ಲವಲ್ಲ? ಆ ಸದ್ದನ್ನು ಹುಟ್ಟಿಸಿದ್ದು ಯಂತ್ರ ಅಲ್ಲ, ಅವರ ಮಿದುಳೇ. ಯಂತ್ರವೂ ತಾನೂ ಒಂದಾದೆವು ಅಂತ ಹಾರ್ಬಿಸನ್‌ಗೆ ಅನ್ನಿಸಿದ್ದೂ ಆಗಲೇ.

ನಿಮಗೂ ಅಂಕಿಗಳಿಗೋ ವಾರದ ದಿನಗಳಿಗೋ ಬಣ್ಣ ಕಾಣುತ್ತಾ? ಹಾಗಿದ್ದರೆ ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಮೊಬೈಲ್ ಮುಟ್ಟೋ ಮೊದಲು, ಕನಸನ್ನು ಬರೆದಿಡಿ. ಆ ಬಣ್ಣಗಳು ಅಲ್ಲೂ ಇದ್ದವಾ ಅಂತ ಕಾಮೆಂಟಿನಲ್ಲಿ ಹೇಳಿ.